ಸೈಲೆನ್ಸರ್ ಕಾವಿಗೆ ತುಕ್ಕು ಹಿಡಿದ ಗಾಡಿ ಫ್ಲೋರ್: ಮಲ್ನಾಡಿನವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮನೆ ಮಾರುತಿ ಓಮ್ನಿ ವ್ಯಾನಿನ ಫ್ಲೋರ್ ಎರಡು ಸಲ ತೂತಾಗಿ ಎರಡು ಸಲ ರಿಪೇರಿ ಆಗಿದೆ, ಮೊದಲ್ನೇ ಸಲ ತಪ್ಪಾಗಿ, ಎರಡ್ನೇ ಸಲ ಸರಿಯಾಗಿ. ಅದಾದ್ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆ ನೆಂಟ್ರು, ಮಂಡಿಗೆ ಅಡಿಕೆ ತರೋರು, ಊಟದ ಪಂಕ್ತೀಲಿ ಪಕ್ಕ ಕೂತೋರು, ಎಲ್ರೂ ಅದನ್ನೇ ಕೇಳ್ತಾರೆ, ಹೇಳಿ ಹೇಳಿ ಸಾಕಾಗಿ ಒಂದ್ಕಡೆ ಬರ್ದಿಟ್ಟಿದೀನಿ. ನಾನು ಮೆಕ್ಯಾನಿಕ್ ಅಲ್ಲ, ತೋಟ ಮಾಡ್ಕೊಂಡಿರೋನು. ಟಿಂಕರಿಂಗ್ ಮಾಡೋರ ಜೊತೆ ನಾಲ್ಕು ದಿನ ಗಾಡಿ ಕೆಳಗೆ ಮಲಗಿ ಕಲ್ತಿದ್ದು ಇಷ್ಟು.

ಮಳೆಗೆ ತುಕ್ಕು ಹಿಡಿಯತ್ತೆ ಸರಿ, ಆದ್ರೆ ಸೈಲೆನ್ಸರ್ ಬಿಸಿಗೂ ತುಕ್ಕಿಗೂ ಎಂತ ಸಂಬಂಧ? ಬಿಸಿ ಇದ್ರೆ ಒಣಗ್ಬೇಕಲ್ವಾ?

ನಾನೂ ಹಂಗೇ ಅನ್ಕೊಂಡಿದ್ದೆ. ಕೆಳಗಿಂದ ಒಣಗತ್ತೆ ನಿಜ, ಆದ್ರೆ ಮೇಲೆ ಮ್ಯಾಟಿನ ಕೆಳಗೆ ಏನಿದೆ ನೋಡಿ. ಆಷಾಢದಲ್ಲಿ ಒದ್ದೆ ಕಾಲು, ಒದ್ದೆ ಕಂಬಳಿಕೊಪ್ಪೆ, ಕೊಡೆಯಿಂದ ಇಳ್ಯೋ ನೀರು ಎಲ್ಲ ಹೋಗಿ ಸೇರ್ಕೊಳ್ಳೋದು ಮ್ಯಾಟ್ ಅಡಿಯ ಫೆಲ್ಟಿಗೆ, ಅದು ಸ್ಪಂಜ್ ಇದ್ದಂಗೆ, ತಿಂಗಳಾದ್ರೂ ಒಣಗಲ್ಲ. ಅದರ ಅಡಿಗೆ ಸೈಲೆನ್ಸರ್ ಪೈಪ್ ಕಾವು ಕೊಡ್ತಾ ಇದ್ರೆ ಅಲ್ಲಿ ಕಡುಬು ಬೇಯಿಸೋ ಅಟ್ಟ ಇದ್ದಂಗೇ, ಹಬೆ ಮೇಲೇಳತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ತಣ್ಣಗಾದ್ಮೇಲೆ ಮತ್ತೆ ನೀರಾಗಿ ಅದೇ ತಗಡಿನ ಮೇಲೆ ಕೂರತ್ತೆ. ತಣ್ಣಗಿರೋ ಒದ್ದೆ ಕಬ್ಬಿಣಕ್ಕಿಂತ ಬೆಚ್ಚಗಿರೋ ಒದ್ದೆ ಕಬ್ಬಿಣ ಬೇಗ ತುಕ್ಕು ಹಿಡಿಯತ್ತೆ, ಅಷ್ಟೇ ವಿಷಯ.

ಇನ್ನೊಂದು, ಬಿಸಿ ಮೊದಲು ತಿನ್ನೋದು ತಗಡನ್ನಲ್ಲ, ತಗಡಿನ ಮೇಲಿರೋದನ್ನ. ಪೇಂಟ್ ಸುಟ್ಟು ಬಿರುಕು ಬಿಡತ್ತೆ, ಜಾಯಿಂಟಲ್ಲಿರೋ ಸೀಲರ್ ಗಟ್ಟಿಯಾಗಿ ಬಿಟ್ಕೊಳ್ಳತ್ತೆ, ಫ್ಲೋರಲ್ಲಿ ನೀರು ಬಿಡೋ ತೂತಿಗೆ ಹಾಕಿರೋ ರಬ್ಬರ್ ಬಿರಡೆ ಹುರಿದ ಹಪ್ಪಳ ಆಗಿ ಉದುರತ್ತೆ. ಆಮೇಲೆ ಕೆಳಗಿಂದ ಚಕ್ರ ಎರಚೋ ಕೆಸರು ನೀರಿಗೂ ದಾರಿ ಆಯ್ತು. ಅಲ್ಲಿಗೆ ಮೇಲಿಂದ ಒಂದು ಕೆಳಗಿಂದ ಒಂದು ಎರಡೂ ಕಡೆ ತಿಂದು ಸೈಲೆನ್ಸರ್ ದಾರಿ ಉದ್ದಕ್ಕೂ ಜರಡಿ.

ನಮ್ಮ ಗಾಡಿ ಸಮುದ್ರದ ಕಡೆ ಹೋಗೋದೇ ಇಲ್ಲ, ಆದ್ರೂ ಯಾಕೆ ಇಷ್ಟು ಬೇಗ?

ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ಅದೊಂದೇ ಸಾಕಿತ್ತು. ಆದ್ರೆ ಗಾಡೀಲಿ ನಾವು ಎಂತ ಹೇರ್ತೀವಿ ಅಂತ ಯೋಚ್ನೆ ಮಾಡಿ. ಪೊಟ್ಯಾಷ್ ಚೀಲ ಹರಿದು ನಾಲ್ಕು ಹಿಡಿ ಮ್ಯಾಟ್ ಕೆಳಗೆ ಹೋಯ್ತು ಅನ್ಕೊಳ್ಳಿ, ಅದು ಪೊಟ್ಯಾಷಿಯಂ ಕ್ಲೋರೈಡ್, ತಗಡಿಗೆ ಸಮುದ್ರದ ಉಪ್ಪು ಮಾಡೋ ಕೆಲಸವನ್ನೇ ಮಾಡತ್ತೆ. ಕೊಟ್ಟಿಗೆ ಗೊಬ್ಬರದ ರಸವೂ ಒಳ್ಳೇದಲ್ಲ. ಕುಂದಾಪುರದಿಂದ ಐಸ್ ಹಾಕಿ ಮೀನು ತರೋರ ಗಾಡಿ ಕಥೆ ಅಂತೂ ಕೇಳೋದೇ ಬೇಡ.

ಎಲ್ಲಕ್ಕಿಂತ ಹೆಚ್ಚು ಯಾರೂ ಗಮನ ಕೊಡದೇ ಇರೋದು ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್. ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಕಲಸೋವಾಗ ನಮ್ಮ ಹಿರಿಯರು ಒಂದು ಟೆಸ್ಟ್ ಮಾಡ್ತಿದ್ರಲ್ಲ, ಚಾಕು ಅಥ್ವಾ ಕತ್ತಿ ಅದ್ದಿ ನೋಡೋದು, ಕೆಂಪು ಕೂತ್ರೆ ಸುಣ್ಣ ಸಾಲ್ದು ಅಂತ. ಆ ಕೆಂಪು ತಾಮ್ರ. ಕಬ್ಬಿಣ ಕರಗಿ ನೀರಿಗೆ ಹೋಗತ್ತೆ, ಅದರ ಜಾಗಕ್ಕೆ ತಾಮ್ರ ಬಂದು ಕೂರತ್ತೆ. ಕತ್ತಿಗೆ ಆಗಿದ್ದೇ ನಿಮ್ಮ ಗಾಡಿ ಫ್ಲೋರಿಗೂ ಆಗೋದು, ಒದ್ದೆ ಆದ ಮೈಲುತುತ್ತದ ಚೀಲ ಒಂದು ರಾತ್ರಿ ಗಾಡೀಲೇ ಬಿಟ್ರೆ ಸಾಕು. ಅಷ್ಟೇ ಅಲ್ಲ, ಹಂಗೆ ಕೂತ ತಾಮ್ರ ಆಮೇಲೆ ನೀರು ಬಿದ್ದಾಗೆಲ್ಲ ಪಕ್ಕದ ಕಬ್ಬಿಣವನ್ನ ಇನ್ನೂ ಬೇಗ ತಿನ್ನಿಸತ್ತೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಲೆಕ್ಕ ಎಲ್ರಿಗೂ ಬಾಯಿಪಾಠ, ಆದ್ರೆ ತರೋವಾಗ ಅಡಿಗೊಂದು ಪ್ಲಾಸ್ಟಿಕ್ ಟ್ರೇ ಇಡೋರು ಎಷ್ಟು ಜನ ಹೇಳಿ.

ಸೀಟ್ ಕೆಳಗೆ ಕಾಲಿಡೋಕೆ ಆಗದಷ್ಟು ಬಿಸಿ, ಇದು ಮಾಮೂಲಾ?

ಓಮ್ನಿಗೆ ಇಂಜಿನ್ನೇ ಮುಂದಿನ ಸೀಟಿನ ಅಡೀಲಿ ಇರೋದ್ರಿಂದ ಸ್ವಲ್ಪ ಬಿಸಿ ಮಾಮೂಲು. ಬಾಳೆಬರೆ ಘಾಟಿ ಸೆಕೆಂಡ್ ಗೇರಲ್ಲಿ ಫುಲ್ ಲೋಡ್ ಹತ್ತಿಸಿದ್ರೆ ಯಾವ ಗಾಡಿಗೂ ಆಗತ್ತೆ. ಆದ್ರೆ ಮ್ಯಾಟ್ ಮೆತ್ತಗಾಗೋದು, ರಬ್ಬರ್ ವಾಸನೆ, ಚಪ್ಪಲಿ ಅಂಟೋದು, ಇವೆಲ್ಲ ಮಾಮೂಲಲ್ಲ.

ನೋಡ್ಬೇಕಾಗಿರೋದು: ಸೈಲೆನ್ಸರ್ ನೇತುಹಾಕಿರೋ ರಬ್ಬರ್ ಹರಿದು ಪೈಪ್ ಮೇಲೆದ್ದು ಫ್ಲೋರಿಗೆ ತಾಗ್ತಾ ಇದ್ಯಾ, ಹೀಟ್ ಶೀಲ್ಡ್ (ಪೈಪಿನ ಕಾವು ಫ್ಲೋರಿಗೆ ತಾಗದಂಗೆ ತಡೆಯೋ ತಗಡು) ಇದ್ಯಾ ಅಥ್ವಾ ಯಾವ್ದೋ ಗ್ಯಾರೇಜಲ್ಲಿ ಗಲಗಲ ಅಂತಿದೆ ಅಂತ ಕಿತ್ತು ಬಿಸಾಕಿದಾರಾ (ನಮ್ದು ಇದೇ ಕೇಸು), ಫ್ಲೇಂಜ್ ಗ್ಯಾಸ್ಕೆಟ್ (ಪೈಪಿನ ಜಾಯಿಂಟ್ ಮಧ್ಯ ಇರೋ ಬಿಲ್ಲೆ) ಹೋಗಿ ಬಿಸಿ ಗಾಳಿ ನೇರ ತಗಡಿಗೆ ಹೊಡೀತಾ ಇದ್ಯಾ. ಸೋರ್ತಿರೋ ಜಾಗದಲ್ಲಿ ಕರೀ ಮಸಿ ಗೆರೆ ಇರತ್ತೆ, ಬೆಳಿಗ್ಗೆ ಗಾಡಿ ತಣ್ಣಗಿರೋವಾಗ ಸ್ಟಾರ್ಟ್ ಮಾಡಿ ಜಾಯಿಂಟಿಗೆ ಸೋಪ್ ನೀರು ಹಚ್ಚಿದ್ರೆ ಗುಳ್ಳೆ ಬರತ್ತೆ. ಇಂಜಿನ್ ಮಿಸ್ ಹೊಡೀತಾ ಇದ್ರೂ ಬಿಸಿ ಜಾಸ್ತಿ, ಯಾಕಂದ್ರೆ ಉರೀದೆ ಉಳಿದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಲ್ಲಿ (ಸೈಲೆನ್ಸರ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಡಬ್ಬ) ಉರಿಯತ್ತೆ. ಅದು ಸರಿ ಇರೋವಾಗ್ಲೇ 400 ಡಿಗ್ರಿ ಮೇಲೆ ಓಡೋದು, ಮಿಸ್ ಹೊಡದ್ರೆ ಕೆಂಪಗೆ ಕಾಯತ್ತೆ. ಒಂದು ಪ್ಲಗ್ ಬದಲಾಯಿಸೋ ಕೆಲಸಕ್ಕೆ ಸೋಮಾರಿತನ ಮಾಡಿ ಫ್ಲೋರ್ ಸುಟ್ಕೊಂಡೋರನ್ನ ನೋಡಿದೀನಿ.

ಇನ್ನೊಂದು ಮಾತು, ಸೈಲೆನ್ಸರ್ ಒಳಗಿಂದಾನೂ ತುಕ್ಕು ಹಿಡಿಯತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಬರತ್ತೆ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಅಂತ ಎರಡು ಕಿಲೋಮೀಟರ್ ಓಡಿಸೋ ಗಾಡೀಲಿ ಪೈಪ್ ಪೂರ್ತಿ ಕಾಯೋದೇ ಇಲ್ಲ, ಆ ನೀರು ಒಳಗೇ ನಿಲ್ಲತ್ತೆ. ಹಂಗಾಗಿ ಕಮ್ಮಿ ಓಡೋ ಗಾಡಿ ಸೈಲೆನ್ಸರೇ ಬೇಗ ತೂತಾಗೋದು.

ಫ್ಲೋರಲ್ಲಿ ತೂತಿದ್ರೆ ಗಾಳಿ ಬರತ್ತೆ ಅಷ್ಟೇ ಅಲ್ವಾ, ಈ ಮಳೆಗಾಲ ಓಡಿಸ್ಬಹುದಾ?

ಬೇಡ ಮಾರಾಯ್ರೆ. ಸೈಲೆನ್ಸರ್ ಗಟ್ಟಿ ಇದ್ದು ಫ್ಲೋರ್ ಮಾತ್ರ ತೂತಾಗಿದ್ರೆ ಕಾಲು ಒದ್ದೆ ಆಗತ್ತೆ. ಎರಡೂ ತೂತಾಗಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಒಳಗೆ ಬರತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗೆ ಗ್ಲಾಸ್ ಎಲ್ಲ ಏರಿಸ್ಕೊಂಡು ಹೋಗ್ತಿರ್ತೀವಿ, ತಲೆನೋವು, ವಾಕರಿಕೆ, ತೂಕಡಿಕೆ ಬಂದ್ರೆ ಘಾಟಿ ತಿರುವಿಗೆ ಅಂತ ಅನ್ಕೋತೀವಿ. ಗಾಡಿ ಹತ್ತಿದಾಗ ಬಂದ ತಲೆನೋವು ಇಳಿದು ಸ್ವಲ್ಪ ಹೊತ್ತಿಗೆ ಹೋಗತ್ತೆ ಅಂದ್ರೆ ಅನುಮಾನ ಪಡಿ, ಗ್ಲಾಸ್ ಇಳಿಸಿ, ಇಂಜಿನ್ ಆಫ್ ಮಾಡಿ, ಎಲ್ರೂ ಕೆಳಗಿಳೀರಿ. ಯಾರಿಗಾದ್ರೂ ಮಂಪರು ಜಾಸ್ತಿ ಇದ್ರೆ ಆಸ್ಪತ್ರೆ.

ಕೊನೆಗೌಡ್ರ (ಅಡಿಕೆ ಕೊನೆ ಇಳಿಸೋರ) ಉದ್ದ ದೋಟಿ ಹಾಕ್ಕೊಂಡು ಹಿಂದಿನ ಡೋರ್ ಹಗ್ಗದಲ್ಲಿ ಕಟ್ಟಿ ತೆಗೆದಿಟ್ಕೊಂಡು ಓಡಿಸ್ತೀವಲ್ಲ, ಅದೂ ಹಿಂಗೇ. ಹಿಂದೆ ಡೋರ್ ತೆಗೆದಿದ್ರೆ ಹೊಗೆ ಹೊರಗೆ ಹೋಗತ್ತೆ ಅನ್ಸತ್ತೆ, ಆಗೋದು ಉಲ್ಟಾ, ಓಡೋ ಗಾಡಿ ಹಿಂದೆ ಗಾಳಿ ಸುಳಿ ತಿರುಗಿ ಹೊಗೆನ ಒಳಗೇ ಎಳ್ಕೊಳ್ಳತ್ತೆ.

ಎಷ್ಟು ಹಾಳಾಗಿದೆ ಅಂತ ಹೆಂಗೆ ಗೊತ್ತಾಗತ್ತೆ?

ಮ್ಯಾಟ್, ಫೆಲ್ಟ್ ಎಲ್ಲ ಕಿತ್ತು ರಾತ್ರಿ ಹೊತ್ತು ಗಾಡಿ ಕೆಳಗೆ ಟಾರ್ಚ್ ಇಟ್ಟು ಒಳಗಿಂದ ನೋಡಿ. ಕಾರ್ತೀಕದ ದೀಪ ಹಚ್ಚಿದಂಗೆ ಕಂಡ್ರೆ ಗಾಬರಿ ಆಗ್ಬೇಡಿ, ಮೊದಲ್ನೇ ಸಲ ಎಲ್ರಿಗೂ ಹಂಗೇ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ, ಟಣ್ ಅಂದ್ರೆ ತಗಡಿದೆ, ಥಪ್ ಅಂದ್ರೆ ಪೇಂಟ್ ಕೆಳಗೆ ಬರೀ ತುಕ್ಕಿನ ಹಪ್ಪಳ. ತುದಿಯಿಂದ ಒತ್ತಿ, ಹೋಗತ್ತೆ ಅಂದ್ರೆ ಹೋಗ್ಲಿ, ಪಾಪ ಅಂತ ಬಿಡ್ಬೇಡಿ.

ಬರೀ ಕಾಲಿಡೋ ಜಾಗ ಹೋಗಿದ್ರೆ ಅದು ತೇಪೆ ಕೆಲಸ. ಸೀಟ್ ಬೋಲ್ಟ್ ಕೂರೋ ಜಾಗ, ಸೀಟ್ ಬೆಲ್ಟ್ ಆಂಕರ್, ಅಡ್ಡ ಹೋಗೋ ಕ್ರಾಸ್ ಮೆಂಬರ್, ಅಂಚಿನ ರನ್ನಿಂಗ್ ಬೋರ್ಡ್ ಪಟ್ಟಿ, ಇವು ಹೋಗಿದ್ರೆ ಆಟದ ಮಾತಲ್ಲ, ಗಾಡಿಯ ಗಟ್ಟಿತನ ಇರೋದೇ ಅಲ್ಲಿ. ಅದನ್ನ ಬಾಡಿ ಕೆಲಸ ಚೆನ್ನಾಗಿ ಬಲ್ಲವ್ರ ಹತ್ರಾನೇ ಮಾಡಿಸಿ, ಶಿವಮೊಗ್ಗಕ್ಕೆ ಹೋಗ್ಬೇಕಾಗಿ ಬಂದ್ರೂ ಸರಿ. ಕೆಳಗೆ ನೋಡೋವಾಗ ಬರೀ ಜಾಕ್ ನಂಬಿ ಮಲಗ್ಬೇಡಿ, ಸ್ಟ್ಯಾಂಡ್ ಇಲ್ಲಾಂದ್ರೆ ಗಟ್ಟಿ ಮರದ ದಿಮ್ಮಿ ಅಡಿಗೆ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ, ನಮ್ಮ ಅಂಗಳ ಯಾವ್ದೂ ಸಮ ಇರಲ್ಲ.

ಮೇಲೊಂದು ತಗಡು ಹಾಕಿ ಟಾರ್ ಬಳಿದ್ರೆ ಆಗಲ್ವಾ? ಪೇಟೇಲಿ ಹಂಗೇ ಮಾಡ್ತಾರೆ.

ನಮ್ದು ಮೊದಲ್ನೇ ರಿಪೇರಿ ಅದೇ. ಒಂದು ಗ್ಯಾರೇಜಲ್ಲಿ ಬೆಳಿಗ್ಗೆ ಬಿಟ್ಟು ಸಂಜೆ ತಗೊಂಡ್ಬಂದೆ, ಒಳಗೆ ನೋಡಿದ್ರೆ ಹೊಸ ತಗಡು ಮಿರಮಿರ, ಕೆಳಗೆ ಕಪ್ಪಗೆ ಟಾರ್, ಸೈಲೆನ್ಸರ್ ಪೈಪಿನ ಮೇಲೂ ಧಾರಾಳವಾಗಿ ಬಳಿದಿದ್ರು. ನಂಗೆ ಖುಷಿಯೋ ಖುಷಿ. ಮುಂದಿನ ವಾರ ಕುಂದಾಪುರದಿಂದ ವಾಪಸ್ ಬರ್ತಾ ಘಾಟಿ ಅರ್ಧ ಹತ್ತಿದೀವಿ, ಅಡಿಯಿಂದ ಹೊಗೆ. ಹೆಂಡ್ತಿ ಮಕ್ಳನ್ನ ಇಳಿಸಿ ರೋಡ್ ಸೈಡಿನ ಝರಿ ನೀರು ಬಾಟ್ಲೀಲಿ ತಂದು ತಂದು ಫ್ಲೋರ್ ಅಡಿಗೆ ಎರಚಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಟಾರ್ ಕರಗಿ ಪೈಪ್ ಮೇಲೆ ಬಿದ್ದು ಹೊಗೆ ಎದ್ದಿದ್ದು, ಪುಣ್ಯಕ್ಕೆ ಹೊತ್ಕೊಳ್ಳಲಿಲ್ಲ.

ತೇಪೆಯೂ ಎರಡು ಮಳೆಗಾಲ ಮುಗಿಯೋ ಹೊತ್ತಿಗೆ ಹೋಯ್ತು. ಹಳೇ ತುಕ್ಕಿನ ತಗಡು ಹೊಸ ತಗಡು ಎರಡರ ಮಧ್ಯ ನೀರು ಸೇರ್ಕೊಂಡ್ರೆ ಒಣಗೋ ಮಾತೇ ಇಲ್ಲ, ತುಕ್ಕು ಉಬ್ಬಿ ಹೊಸದನ್ನೂ ಮೇಲೆತ್ತತ್ತೆ. ಆಮೇಲೆ ಗೊತ್ತಾಗಿದ್ದು, ಅಸಲು ಕಾರಣ ಸೋರ್ತಿದ್ದ ಗ್ಯಾಸ್ಕೆಟ್ಟು ಮತ್ತೆ ಇಲ್ಲದ ಹೀಟ್ ಶೀಲ್ಡು, ಅದನ್ನ ಯಾರೂ ಮುಟ್ಟಿರಲೇ ಇಲ್ಲ. ಅದಕ್ಕೇ ನಾನು ಕೇಳ್ದೋರಿಗೆಲ್ಲ ಹೇಳೋದು, ಮೊದ್ಲು ಸೈಲೆನ್ಸರ್, ಆಮೇಲೆ ನೀರು ಎಲ್ಲಿಂದ ಬರ್ತಿದೆ ನೋಡೋದು, ತೂತು ಮುಚ್ಚೋದು ಕೊನೇಗೆ.

ಹಂಗಾದ್ರೆ ಸರಿಯಾದ ರಿಪೇರಿ ಹೆಂಗೆ?

ತುಕ್ಕು ಕಾಣೋ ಜಾಗದಿಂದ ಇನ್ನೂ ಒಂದಿಂಚು ಆಚೆವರೆಗೆ, ಬೆಳ್ಳಗಿರೋ ಗಟ್ಟಿ ತಗಡು ಸಿಗೋ ತನಕ ಕತ್ತರಿಸಿ ತೆಗೀಬೇಕು. ತೂತು ಅಂಗೈಯಷ್ಟಿದ್ದಿದ್ದು ನೋಟ್‌ಬುಕ್ಕಿನಷ್ಟಾಗತ್ತೆ, ಹೊಟ್ಟೆ ಉರಿಯತ್ತೆ, ಆದ್ರೂ ತೆಗೀಲೇಬೇಕು. ಆಮೇಲೆ ರಟ್ಟಿನ ಡಬ್ಬ ಹರಿದು ಅಳತೆ ಕತ್ತರಿಸ್ಕೊಳ್ಳಿ, ಅದನ್ನಿಟ್ಟು ತಗಡು ಕಟ್ ಮಾಡಿ. ಸುತ್ತ 15-20 ಮಿಲಿಮೀಟರ್ ಹಳೇ ತಗಡಿನ ಮೇಲೆ ಕೂರೋಹಂಗಿರ್ಲಿ. ತಗಡು 20 ಗೇಜ್ ಅಥ್ವಾ 18 ಗೇಜ್, ಅಂದ್ರೆ ಹತ್ತತ್ರ 0.9 ಇಂದ 1.2 ಮಿಲಿಮೀಟರ್, ಅಂಗಡೀಲಿ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಅಂತ ಕೇಳಿ. ಗಟ್ಟಿ ಇರ್ಲಿ ಅಂತ ಇನ್ನೂ ದಪ್ಪ ಹಾಕ್ಸೋರಿದಾರೆ, ದಪ್ಪ ತಗಡು ಬೆಸುಗೆ ಹಿಡಿಯೋ ಕಾವಿಗೆ ಪಕ್ಕದ ಹಳೇ ತೆಳು ತಗಡು ಸುಟ್ಟು ತೂತಾಗತ್ತೆ. ದೊಡ್ಡ ತೇಪೆ ಆದ್ರೆ ನಡುವೆ ಎರಡು ಉಬ್ಬು ಗೆರೆ ಬಡಿಸಿ, ಇಲ್ಲಾಂದ್ರೆ ಓಡೋವಾಗ ಡಬಡಬ ಅಂತ ಡೊಳ್ಳು.

ವೆಲ್ಡಿಂಗ್ ಸಿಓಟು (ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಟ್ಟು ತಂತೀಲಿ ಮಾಡೋದು) ಒಳ್ಳೇದು, 0.8 ಮಿಲಿಮೀಟರ್ ವೈರ್. ಹಳೇ ಗ್ಯಾಸ್ ವೆಲ್ಡಿಂಗಲ್ಲೂ ಚೆನ್ನಾಗಿ ಮಾಡೋರಿದಾರೆ, ಆದ್ರೆ ಕಾವು ಹರಡಿ ತಗಡು ಸೊಟ್ಟ ಆಗತ್ತೆ, ಆಚೆ ಕಡೆ ಪೇಂಟೂ ಜಾಸ್ತಿ ಸುಡತ್ತೆ. ಗೇಟ್ ಮಾಡೋ ಆರ್ಕ್ ವೆಲ್ಡಿಂಗ್ ತಗಡಿಗೆ ಬೇಡ. ಒಂದೇ ಕಡೆಯಿಂದ ಎಳೀಬಾರ್ದು, ಇಲ್ಲೊಂದು ಅಲ್ಲೊಂದು ಚುಕ್ಕಿ ಹಾಕ್ತಾ ಸುತ್ತು ತುಂಬಿಸ್ಬೇಕು, ರಂಗೋಲಿ ಇಟ್ಟಂಗೆ.

ಶುರು ಮಾಡೋ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಫ್ಲೋರ್ ಅಡಿಯ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರ್ ಎಲ್ಲೆಲ್ಲಿದೆ ನೋಡಿ ಸರಿಸಿ, ಗ್ಯಾಸ್ ಕಿಟ್ ಇದ್ರೆ ಸಿಲಿಂಡರ್ ಇಳಿಸಿ ದೂರ ಇಡಿಸಿ. ಫ್ಲೋರಿಗೆ ಅಂಟಿಸಿರೋ ಡಾಂಬರ್ ಹಾಳೆ ಕೆತ್ತಿ ತೆಗೀಬೇಕು, ಅದು ಕಿಡಿ ಬಿದ್ರೆ ಮೆಲ್ಲಗೆ ಹೊತ್ತಿ ಉರಿಯತ್ತೆ. ಒಬ್ರು ವೆಲ್ಡ್ ಮಾಡೋವಾಗ ಇನ್ನೊಬ್ರು ಆಚೆ ಬದಿ ನೋಡ್ತಾ ನಿಲ್ಬೇಕು, ಕೈಲಿ ಒದ್ದೆ ಗೋಣಿ, ಪಕ್ಕ ಬಕೆಟ್ ನೀರು, ಬೆಂಕಿ ಆರಿಸೋ ಸಿಲಿಂಡರ್ ಇದ್ರೆ ಇನ್ನೂ ಒಳ್ಳೇದು.

ಮನೇಲಿ ಜಿಂಕ್ ಶೀಟ್ (ಸತುವಿನ ಲೇಪ ಇರೋ ತಗಡು) ತುಂಡು ಉಳಿದಿದೆ, ತುಕ್ಕು ಹಿಡಿಯಲ್ಲ, ಅದನ್ನೇ ಹಾಕ್ಸಿದ್ರೆ?

ವೆಲ್ಡ್ ಮಾಡೋ ಅಂಚಲ್ಲಿ ಸತು ಉಜ್ಜಿ ತೆಗೀಲೇಬೇಕು, ಇಲ್ಲಾಂದ್ರೆ ಆ ಬಿಳೀ ಹೊಗೆ ಕುಡಿದೋರಿಗೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ಉಜ್ಜಿದ್ಮೇಲೆ ಬೇಕಾದ ಜಾಗದಲ್ಲೇ ಸತು ಇಲ್ಲ ಅಂತಾಯ್ತು. ಸೈಲೆನ್ಸರ್ ಹತ್ರ ಅಂತೂ ದೊಡ್ಡ ಲಾಭ ಇಲ್ಲ, ಸತುವಿನ ಲೇಪ 200 ಡಿಗ್ರಿ ದಾಟಿದ್ರೆ ನಿಧಾನಕ್ಕೆ ಬಿಟ್ಕೊಳ್ಳೋಕೆ ಶುರು.

ಅಲ್ಯುಮಿನಿಯಂ ತಗಡು ರಿವೆಟ್, ಫೈಬರ್, ಎಂಸೀಲ್?

ಅಲ್ಯುಮಿನಿಯಂ ಮತ್ತೆ ಕಬ್ಬಿಣ ಒದ್ದೇಲಿ ತಾಗ್ಕೊಂಡಿದ್ರೆ ಒಂದು ಇನ್ನೊಂದನ್ನ ತಿನ್ನತ್ತೆ, ರಿವೆಟ್ ಸಡಿಲ ಆಗತ್ತೆ. ಫೈಬರ್ ಆದ್ರೆ ಸೈಲೆನ್ಸರ್ ಕಾವಿಗೆ ಮೆತ್ತಗಾಗತ್ತೆ. ಎಂಸೀಲ್ ನೀರಿನ ಪೈಪಿಗೆ ಇಟ್ಕೊಳ್ಳಿ.

ತುಕ್ಕಿನ ಮೇಲೇ ಹಚ್ಚೋ ಕನ್ವರ್ಟರ್ ಕೆಲಸ ಮಾಡತ್ತಾ? ಅಡಿಕೆ ಚೊಗರು (ಅಡಿಕೆ ಬೇಯಿಸಿದ ರಸ) ಹಚ್ಚಿದ್ರೂ ಆಗತ್ತಂತೆ?

ಕನ್ವರ್ಟರಲ್ಲಿ ಇರೋದು ಫಾಸ್ಪಾರಿಕ್ ಆಸಿಡ್ ಅಥ್ವಾ ಟ್ಯಾನಿಕ್ ಆಸಿಡ್, ತುಕ್ಕಿನ ಜೊತೆ ಸೇರಿ ಕಪ್ಪು ಪದರ ಮಾಡತ್ತೆ. ತೆಳುವಾಗಿ ಮೇಲ್ಮೇಲೆ ಇರೋ ತುಕ್ಕಿಗೆ, ಬ್ರಷ್ ಹೋಗದ ಸಂದಿಗೆ ಸರಿ. ಪದರ ಪದರ ಏಳೋ ತುಕ್ಕಿಗೆ ಹಚ್ಚಿದ್ರೆ ಮೇಲಿನ ಪದರ ಕಪ್ಪಾಗತ್ತೆ, ಒಳಗೆ ಅದರ ಪಾಡಿಗೆ ಅದು ತಿಂತಾ ಇರತ್ತೆ. ಮೊದ್ಲು ವೈರ್ ಬ್ರಷ್, ಕಣ್ಣಿಗೆ ಗ್ಲಾಸ್ ಹಾಕ್ಕೊಂಡು.

ಚೊಗರಿನ ಪ್ರಶ್ನೆ ನಂಗೆ ಇಷ್ಟ, ಪೂರ್ತಿ ಹುಚ್ಚು ಮಾತೂ ಅಲ್ಲ. ಚೊಗರಲ್ಲಿ ಟ್ಯಾನಿನ್ ಇದೆ, ಕಬ್ಬಿಣದ ಪಾತ್ರೇಲಿಟ್ರೆ ಕಪ್ಪಾಗೋದು ಅದಕ್ಕೇ, ಕನ್ವರ್ಟರ್ ತತ್ವಾನೂ ಅದೇ. ಆದ್ರೆ ಚೊಗರಲ್ಲಿ ಬೇರೆ ನೂರೆಂಟು ಇದೆ, ಅಂಟು ಉಳಿಯತ್ತೆ, ಅದರ ಮೇಲೆ ಪ್ರೈಮರ್ ಕಚ್ಚಲ್ಲ. ಬಣ್ಣ ಹಾಕೋ ಅಡಿಕೆಗೇ ಇರ್ಲಿ.

ವೆಲ್ಡ್ ಆದ್ಮೇಲೆ ಏನೇನು ಹಚ್ಬೇಕು?

ವೆಲ್ಡ್ ಉಜ್ಜಿ, ಥಿನ್ನರಲ್ಲಿ ಒರೆಸಿ, ಎರಡೂ ಬದಿಗೆ ಎಪಾಕ್ಸಿ ಪ್ರೈಮರ್. ಒಣಗಿದ್ಮೇಲೆ ಜಾಯಿಂಟ್ ಉದ್ದಕ್ಕೂ ಪಿಯು (ಪಾಲಿಯುರೆಥೇನ್) ಸೀಲರ್, ಇದೂ ಮೇಲೆ ಕೆಳಗೆ ಎರಡೂ ಕಡೆ, ಯಾಕಂದ್ರೆ ಒಂದರ ಮೇಲೊಂದು ಕೂತ ಅಂಚೇ ನೀರಿಗೆ ಮನೆ. ಆಮೇಲೆ ಪೇಂಟ್. ಕೆಳಗೆ ರಬ್ಬರ್ ಅಂಡರ್ ಕೋಟಿಂಗ್ ಹೊಡಿಸ್ಬಹುದು, ಆದ್ರೆ ಸೈಲೆನ್ಸರ್ ಮೇಲ್ಗಡೆ ಬರೋ ಪಟ್ಟಿಗೆ ಬೇಡವೇ ಬೇಡ, ಅಲ್ಲಿ ಶಾಖ ತಡೆಯೋ ಅಲ್ಯುಮಿನಿಯಂ ಪೇಂಟ್. ಪೈಪಿಗೆ, ಫ್ಲೇಂಜಿಗೆ, ಕ್ಯಾಟಲಿಟಿಕ್ ಕನ್ವರ್ಟರಿಗೆ ಕೋಟಿಂಗ್ ಬೀಳದಂಗೆ ಪೇಪರ್ ಸುತ್ತಿಸಿ. ಗೇರೆಣ್ಣೆ, ಸುಟ್ಟ ಇಂಜಿನ್ ಆಯಿಲ್ ಬಳಿಯೋ ಅಭ್ಯಾಸ ನಮ್ಮ ಕಡೆ ಇದೆ, ಮರಕ್ಕೆ ನೊಗಕ್ಕೆ ಹಚ್ಕೊಳ್ಳಿ, ಸೈಲೆನ್ಸರ್ ಹತ್ರ ಬೇಡ.

ಹೀಟ್ ಶೀಲ್ಡ್ ಸಿಗ್ತಾ ಇಲ್ಲ, ಮಾಡಿಸ್ಬಹುದಾ?

ಆರಾಮಾಗಿ ಮಾಡಿಸ್ಬಹುದು. ಓಮ್ನಿ ತಯಾರಿ 2019ರಲ್ಲೇ ನಿಂತಿದೆ, ನಾನೂ ಮಾಡಿಸಿದ್ದೇ. ಒಂದು ತೆಳು ಅಲ್ಯುಮಿನಿಯಂ ಅಥ್ವಾ ಸ್ಟೀಲ್ ತಗಡನ್ನ ಪೈಪಿಗೂ ಫ್ಲೋರಿಗೂ ನಡುವೆ ನೇತುಹಾಕೋದು, ಇಷ್ಟೇ. ಕೆಲಸ ಮಾಡೋದು ತಗಡಲ್ಲ, ತಗಡಿಗೂ ಫ್ಲೋರಿಗೂ ಮಧ್ಯ ಬಿಡೋ ಒಂದು ಬೆರಳು ಜಾಗ. ಅದ್ರಲ್ಲಿ ಗಾಳಿ ಓಡ್ಬೇಕು. ಫ್ಲೋರಿಗೇ ಒತ್ತಿ ಸ್ಕ್ರೂ ಹಾಕಿದ್ರೆ ಶೀಲ್ಡ್ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ, ಕೆಸರು ಹಿಡಿಯೋಕೆ ಇನ್ನೊಂದು ಜಾಗ ಆಯ್ತು. ನಾಲ್ಕು ಮೂಲೇಲಿ ದಪ್ಪ ವಾಷರ್ ಕೊಟ್ಟು ಬೋಲ್ಟ್ ಹಾಕ್ಸಿ, ನೀರು ನಿಲ್ಲದಂಗೆ ಸ್ವಲ್ಪ ಓರೆ ಇರ್ಲಿ. ಒಣಹುಲ್ಲಿನ ಗದ್ದೇಲಿ, ದರಗಿನ (ಒಣ ಎಲೆ) ರಾಶಿ ಮೇಲೆ ನಿಲ್ಸಿ ಬಂದ್ಮೇಲೆ ಬಗ್ಗಿ ನೋಡಿ, ಶೀಲ್ಡ್ ಸಂದೀಲಿ ಹುಲ್ಲು ಸಿಕ್ಕಿದ್ರೆ ಬೆಂಕಿ.

ಪೈಪಿಗೆ ಬಟ್ಟೆ ಥರ ಸುತ್ತೋ ವ್ರ್ಯಾಪ್ ಬೈಕಿನ ಹುಡುಗ್ರು ಹಾಕ್ತಾರಲ್ಲ, ಮಲ್ನಾಡಿಗೆ ಅದು ಆಗಿಬರಲ್ಲ, ಮಳೆ ನೀರು ಹಿಡ್ಕೊಂಡು ಪೈಪೇ ಕೊಳೆಯತ್ತೆ. ಹಳೇ ಆಸ್ಬೆಸ್ಟಾಸ್ ಹಾಳೆ ಹಗ್ಗ ಯಾರಾದ್ರೂ ಕೊಟ್ರೆ ತಗೋಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರತ್ತೆ.

ಯಾವಾಗ ಮಾಡಿಸೋದು ಒಳ್ಳೇದು?

ಅಡಿಕೆ ಸುಗ್ಗಿ ಮುಗಿದ್ಮೇಲೆ, ಫೆಬ್ರವರಿಯಿಂದ ಏಪ್ರಿಲ್. ಆಗ ಗಾಡಿ ನಾಲ್ಕು ದಿನ ಬಿಡ್ಬಹುದು, ತಗಡು ಒಣಗಿರತ್ತೆ, ಪ್ರೈಮರ್ ಹಿಡಿಯತ್ತೆ. ಆರಿದ್ರಾ ಮಳೆ ಹಿಡಿದ್ಮೇಲೆ ಹಚ್ಚಿದ ಪೇಂಟ್ ಅಡಿಗೆ ತೇವ ಇಟ್ಟು ಮುಚ್ಚಳ ಹಾಕಿದಂಗೆ.

ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್) ತೊಂದ್ರೆ ಆಗತ್ತಾ? ಇನ್ಶೂರೆನ್ಸ್ ಕೊಡತ್ತಾ?

ಇನ್ಶೂರೆನ್ಸ್ ಕೊಡಲ್ಲ, ತುಕ್ಕು ಸವಕಳಿ ಲೆಕ್ಕಕ್ಕೆ ಬರತ್ತೆ. ಎಫ್‌ಸಿ ವಿಷಯ ಬೇರೆ. ಸ್ವಂತ ಗಾಡಿಗೆ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್, ಕೆಎ-14 (ಶಿವಮೊಗ್ಗ) ಆದ್ರೂ ಕೆಎ-15 (ಸಾಗರ) ಆದ್ರೂ ಗಾಡಿ ತೋರಿಸ್ಬೇಕು, ಅದಕ್ಕಿಂತ ಒಂದು ಬೇಸಿಗೆ ಮೊದ್ಲೇ ಫ್ಲೋರ್ ಕೆಲಸ ಮುಗಿಸ್ಕೊಳ್ಳಿ.

ಖರ್ಚು?

ತಗಡಿಗೆ ಏನೂ ದೊಡ್ಡ ದುಡ್ಡಲ್ಲ. ಸೀಟ್ ಬಿಚ್ಚೋದು, ಕೆತ್ತೋದು, ಉಜ್ಜೋದು, ವಾಪಸ್ ಜೋಡ್ಸೋದು, ಅದರ ಕೂಲಿ. ನೀವೇ ಸೀಟು ಮ್ಯಾಟು ಬಿಚ್ಚಿ ಟಾರ್ ಕೆತ್ತಿ ತಗೊಂಡು ಹೋದ್ರೆ ಬಿಲ್ ಕಮ್ಮಿ ಆಗತ್ತೆ, ಬೋಲ್ಟ್ ಮಾತ್ರ ಡಬ್ಬದಲ್ಲಿ ಹಾಕಿಟ್ಕೊಳ್ಳಿ. ಕ್ರಾಸ್ ಮೆಂಬರ್, ಎರಡೂ ಬದಿ ಪಟ್ಟಿ, ಫ್ಲೋರ್ ಮೂರೂ ಹೋಗಿದ್ರೆ ನಾನಾದ್ರೆ ಗಾಡಿ ಬಿಡ್ತಿದ್ದೆ.

ಹಳೇ ಮ್ಯಾಟ್ ಫೆಲ್ಟ್ ವಾಪಸ್ ಹಾಕ್ಬಹುದಾ?

ಮ್ಯಾಟ್ ತೊಳೆದು ಬಿಸಿಲಿಗೆ ಹಾಕಿ ಹಾಕ್ಕೊಳ್ಳಿ. ಫೆಲ್ಟ್ ಬೇಡ, ಅದ್ರಲ್ಲಿ ಎಷ್ಟು ವರ್ಷದ ಪೊಟ್ಯಾಷ್ ಇದ್ಯೋ. ಈಗ ನಮ್ಮದ್ರಲ್ಲಿ ಬರೀ ರಬ್ಬರ್ ಮ್ಯಾಟ್, ಮಳೆಗಾಲದಲ್ಲಿ ವಾರಕ್ಕೊಂದ್ಸಲ ಎತ್ತಿ ಜಗಲಿ ಅಂಚಿಗೆ ನೇತುಹಾಕ್ತೀನಿ, ಆ ಗ್ಯಾಪಲ್ಲಿ ಅಡಿಗೆ ಬಗ್ಗಿ ಶೀಲ್ಡ್ ಬೋಲ್ಟ್ ನಾಲ್ಕೂ ಇದ್ಯಾ ಅಂತ ನೋಡ್ತೀನಿ. ಹೋದ ವರ್ಷ ಒಂದು ಬಿದ್ದುಹೋಗಿತ್ತು.